ಭೋಗ್ಯದ ಮನೆ

ಬೆಂಗಳೂರು, ಮೈಸೂರು, ತುಮಕೂರುಗಳ ಬಡಾವಣೆಗಳಲ್ಲಿ ಸಂಜೆಯ ಹೊತ್ತು ನಡೆದು ಹೋಗುವವರ ಕಣ್ಣಿಗೆ ಎರಡು ಬಗೆಯ ಹಲಗೆಗಳು ಬೀಳುತ್ತವೆ. ‘ಮನೆ ಬಾಡಿಗೆಗೆ ಇದೆ’ ಎಂಬುದು ಒಂದು; ‘ಮನೆ ಭೋಗ್ಯಕ್ಕೆ ಇದೆ’ ಎಂಬುದು ಇನ್ನೊಂದು. ಮೊದಲನೆಯದರ ಅರ್ಥ ಎಲ್ಲರಿಗೂ ತಿಳಿದದ್ದೇ. ಎರಡನೆಯದು ಮಾತ್ರ ನಮ್ಮ ನಾಡಿಗೆ ಹೊಸದಾಗಿ ಬಂದವರಿಗೆ ಒಗಟಿನಂತೆ ತೋರುತ್ತದೆ. ಒಂದು ದೊಡ್ಡ ಮೊತ್ತವನ್ನು ಒಮ್ಮೆಗೇ ಮನೆಯ ಯಜಮಾನನ ಕೈಗೆ ಕೊಡುವುದು. ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ವಾಸಮಾಡುವುದು. ಅವಧಿ ಮುಗಿದ ದಿನ ಬೀಗದ ಕೈಯನ್ನು ಒಪ್ಪಿಸಿ, ಕೊಟ್ಟ ಹಣವನ್ನು ಬಡ್ಡಿಯಿಲ್ಲದೆ ಪೂರ್ತಿಯಾಗಿ ಹಿಂದಕ್ಕೆ ಪಡೆಯುವುದು. ವಾಸಕ್ಕೆ ಬಾಡಿಗೆಯಿಲ್ಲ, ಹಣಕ್ಕೆ ಬಡ್ಡಿಯಿಲ್ಲ. ಇಬ್ಬರಿಗೂ ಏನೋ ಒಂದು ಪುಕ್ಕಟೆಯಾಗಿ ದೊರೆತಂತೆ ಕಾಣುವ ಈ ವ್ಯವಹಾರದಲ್ಲಿ ನಿಜವಾಗಿ ಯಾವುದೂ ಪುಕ್ಕಟೆಯಲ್ಲವೆಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ಈ ದಿನ ನಾನು ಮಾತನಾಡಬೇಕೆಂದಿರುವುದು ಭೋಗ್ಯವೆಂಬ ಪದವನ್ನೂ ಆ ಹೆಸರಿನ ಪದ್ಧತಿಯ ಚರಿತ್ರೆಯನ್ನೂ ಕುರಿತು. ನಾನು ವಕೀಲನಲ್ಲ; ಅರ್ಥಶಾಸ್ತ್ರಜ್ಞನೂ ಅಲ್ಲ. ಮೂವತ್ತನಾಲ್ಕು ವರ್ಷ ಕನ್ನಡ ಪಾಠ ಹೇಳಿದವನು. ಆದರೆ ಪದಗಳ ಬೆನ್ನುಹತ್ತಿ ಹೋದವನು ಒಮ್ಮೊಮ್ಮೆ ಲೆಕ್ಕದ ಪುಸ್ತಕದ ಮುಂದೆ ಹೋಗಿ ನಿಲ್ಲುವುದುಂಟು. ನಾನು ನಿಂತದ್ದು ನಮ್ಮ ಮನೆಯದೇ ಲೆಕ್ಕದ ಮುಂದೆ. ತಂದೆಯವರು ತೀರಿಕೊಂಡ ಮೇಲೆ ಅವರ ಕಾಗದಪತ್ರಗಳ ನಡುವೆ ಎರಡು ಭೋಗ್ಯದ ಪತ್ರಗಳು ದೊರೆತವು. ಒಂದು 1932ರದು, ನಮ್ಮ ಅಜ್ಜ ಬರೆದುಕೊಟ್ಟದ್ದು. ಇನ್ನೊಂದು 1972ರದು; ನಮ್ಮ ತಂದೆ ಬರೆದುಕೊಟ್ಟದ್ದು. ಎರಡರಲ್ಲಿಯೂ ಪದ ಒಂದೇ. ಆದರೆ ಎರಡರ ಕಥೆ ಒಂದೇ ಅಲ್ಲ. ಆ ಎರಡು ಪತ್ರಗಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ಭೋಗ್ಯವೆಂದರೆ ಭೋಗಿಸಲು ತಕ್ಕದ್ದು, ಅನುಭವಿಸಲು ಯೋಗ್ಯವಾದದ್ದು. ನಮ್ಮ ಶಾಸನಗಳನ್ನು ಓದಿದವರಿಗೆ ಅಷ್ಟಭೋಗತೇಜಸ್ವಾಮ್ಯವೆಂಬ ಮಾತು ಪರಿಚಿತ. ಭೂಮಿಯನ್ನು ದಾನ ಕೊಡುವಾಗ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯವೆಂಬ ಎಂಟು ಬಗೆಯ ಭೋಗಗಳೊಡನೆ ಸ್ವಾಮ್ಯವನ್ನೂ ಕೊಟ್ಟೆವೆಂದು ಅಲ್ಲಿ ಎಣಿಸಿ ಹೇಳುತ್ತಾರೆ. ಹಾಗೆ ಎಣಿಸಿ ಹೇಳಬೇಕಾದ ಅಗತ್ಯವೇ ಒಂದು ಸಂಗತಿಯನ್ನು ತಿಳಿಸುತ್ತದೆ. ಭೋಗ ಬೇರೆ, ಸ್ವಾಮ್ಯ ಬೇರೆ. ಒಂದನ್ನು ಕೊಟ್ಟು ಇನ್ನೊಂದನ್ನು ಉಳಿಸಿಕೊಳ್ಳಬಹುದು ಎಂಬ ತಿಳಿವಳಿಕೆ ನಮ್ಮ ಹಿರಿಯರಿಗೆ ಚೆನ್ನಾಗಿ ಇತ್ತು. ಭೋಗ್ಯದ ತಳಹದಿ ಇದೇ. ಒಡೆತನ ನನ್ನಲ್ಲಿಯೇ ಇರಲಿ, ಅನುಭವ ನಿನಗಿರಲಿ. ನಿನ್ನ ಹಣ ನನಗೆ ಸಾಲವಾಗಿ ಇರಲಿ.

ಇದೇ ಸಂದರ್ಭದಲ್ಲಿ ಇನ್ನೆರಡು ಪದಗಳನ್ನು ನೋಡಬಹುದು. ಬಡ್ಡಿ ಎಂಬುದು ವೃದ್ಧಿಯ ತದ್ಭವ. ಹಣ ಬೆಳೆಯುವುದು ಎಂದು ಅರ್ಥ. ಬಾಡಿಗೆ ಎಂಬುದು ಸಂಸ್ಕೃತದ ಭಾಟಕದೊಡನೆ ನಂಟುಳ್ಳದ್ದು. ಪರರ ವಸ್ತುವನ್ನು ಬಳಸಿದ್ದಕ್ಕೆ ಕೊಡುವ ಪ್ರತಿಫಲ. ಭೋಗ್ಯದಲ್ಲಿ ಈ ಎರಡೂ ಒಂದನ್ನೊಂದು ತೊಡೆದುಹಾಕುತ್ತವೆ. ನೀನು ನನಗೆ ಕೊಡಬೇಕಾದ ಬಾಡಿಗೆ, ನಾನು ನಿನಗೆ ಕೊಡಬೇಕಾದ ಬಡ್ಡಿ, ಇವೆರಡಕ್ಕೂ ಸರಿಹೋಯಿತು ಎಂದು ಒಪ್ಪಿಕೊಳ್ಳುವುದೇ ಭೋಗ್ಯ. ಉಳಿಯುವುದು ಅಸಲು ಒಂದೇ. ಆ ಅಸಲು ಕರಗದೆ ಹಾಗೆಯೇ ಕುಳಿತಿರುತ್ತದೆ ಎಂಬುದನ್ನು ಇಲ್ಲಿಯೇ ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಧರ್ಮಶಾಸ್ತ್ರಗಳು ಅಡವಿಗೆ ಕೊಟ್ಟ ಹೆಸರು ಆಧಿ. ಅದರಲ್ಲಿ ಎರಡು ಬಗೆ. ಸಾಲ ಕೊಟ್ಟವನು ಮುಟ್ಟದೆ ಕಾಪಾಡಬೇಕಾದದ್ದು ಗೋಪ್ಯಾಧಿ. ಒಡವೆ, ಪಾತ್ರೆಗಳು ಈ ಜಾತಿಗೆ ಸೇರಿದವು. ಬಳಸಿ ಫಲವನ್ನು ಅನುಭವಿಸಬಹುದಾದದ್ದು ಭೋಗ್ಯಾಧಿ. ಹೊಲ, ತೋಟ, ಮನೆ, ಹಸು ಇಂಥವು. ಅಡವು ಇಟ್ಟು ಪಡೆದ ಸಾಲಕ್ಕೆ ಯಾಜ್ಞವಲ್ಕ್ಯಸ್ಮೃತಿ ವಿಧಿಸಿದ ಬಡ್ಡಿ ತಿಂಗಳಿಗೆ ಅಸಲಿನ ಎಂಬತ್ತನೆಯ ಒಂದು ಭಾಗ. ಎಂದರೆ ನೂರಕ್ಕೆ ಒಂದೂಕಾಲು, ವರ್ಷಕ್ಕೆ 15. ಕೌಟಿಲ್ಯನ ಅರ್ಥಶಾಸ್ತ್ರವೂ ಧರ್ಮ್ಯವಾದ ಬಡ್ಡಿಯೆಂದು ತಿಂಗಳಿಗೆ ನೂರು ಪಣಕ್ಕೆ ಒಂದೂಕಾಲು ಪಣವನ್ನೇ ಹೇಳುತ್ತದೆ. ವ್ಯಾಪಾರದ ಸಾಲಕ್ಕೆ ಐದು, ಕಾಡಿನಲ್ಲಿ ಹಾದುಹೋಗುವವರಿಗೆ ಹತ್ತು, ಸಮುದ್ರಕ್ಕೆ ಇಳಿಯುವವರಿಗೆ ಇಪ್ಪತ್ತು ಪಣ ಎಂದು ಅಪಾಯ ಏರಿದಂತೆ ಬಡ್ಡಿಯೂ ಏರುತ್ತದೆ. ಭೋಗ್ಯಾಧಿಯ ವಿಷಯದಲ್ಲಿ ಮನುಸ್ಮೃತಿಯ ಮಾತು ಸ್ಪಷ್ಟವಾಗಿದೆ: ಉಪಯೋಗಕ್ಕೆ ಬರುವ ಅಡವನ್ನು ಅನುಭವಿಸುತ್ತಿರುವವನಿಗೆ ಬಡ್ಡಿಯ ಮೇಲೆ ಹಕ್ಕಿಲ್ಲ. ಫಲವೇ ಅವನ ಬಡ್ಡಿ.

ಈ ನಿಯಮಗಳಿಗೆ ಅತ್ಯಂತ ವಿಶದವಾದ ವ್ಯಾಖ್ಯಾನ ಹುಟ್ಟಿದ್ದು ನಮ್ಮ ನೆಲದಲ್ಲಿ ಎಂಬುದು ಹೆಮ್ಮೆಯ ವಿಷಯ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯ ಆಳಿದ್ದು 1076ರಿಂದ 1126ರ ವರೆಗೆ. ಅವನ ಕಾಲದಲ್ಲಿ, ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವಾಗಿರುವ ಆ ರಾಜಧಾನಿಯಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆ ಎಂಬ ವ್ಯಾಖ್ಯಾನವನ್ನು ಬರೆದನು. ಬಂಗಾಳವನ್ನು ಬಿಟ್ಟು ದೇಶದ ಬಹುಭಾಗದಲ್ಲಿ ಹಿಂದೂಗಳ ದಾಯಭಾಗಕ್ಕೆ ಅದು ಆಧಾರಗ್ರಂಥವಾಯಿತು. ಕೋಲ್‌ಬ್ರೂಕ್ ಅದರ ದಾಯಭಾಗ ಪ್ರಕರಣವನ್ನು 1810ರಲ್ಲಿ ಇಂಗ್ಲಿಷಿಗೆ ತಂದ ಮೇಲೆ ಮಿತಾಕ್ಷರೆ ಎಂದರೆ ಆಸ್ತಿಯ ಪಾಲಿನ ಗ್ರಂಥವೆಂಬ ಭಾವನೆ ನೆಲೆನಿಂತಿತು. ಅದರ ಋಣಾದಾನ ಪ್ರಕರಣ ಅಷ್ಟೇ ಸ್ವಾರಸ್ಯವಾದುದೆಂಬುದು ಹಿನ್ನೆಲೆಗೆ ಸರಿಯಿತು.

ಮೂಲದ ಮತ್ತು ವ್ಯಾಖ್ಯಾನದ ನಾಲ್ಕಾರು ನಿಯಮಗಳನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಸಾಮಾನ್ಯವಾದ ಅಡವು, ಸಾಲ ಬಡ್ಡಿಯಿಂದ ಇಮ್ಮಡಿಯಾದರೂ ಬಿಡಿಸಿಕೊಳ್ಳದಿದ್ದರೆ ಸಾಲ ಕೊಟ್ಟವನ ಪಾಲಾಗುತ್ತದೆ. ಗಡುವು ಇಟ್ಟ ಅಡವು ಗಡುವು ಮೀರಿದರೆ ಹೋಗುತ್ತದೆ. ಆದರೆ ಫಲವನ್ನು ಅನುಭವಿಸಲು ಕೊಟ್ಟ ಅಡವು ಎಂದಿಗೂ ಕೈಬಿಟ್ಟು ಹೋಗುವುದಿಲ್ಲ. ಎಷ್ಟು ಕಾಲವಾದರೂ ಅಸಲನ್ನು ತಂದುಕೊಟ್ಟರೆ ಒಡೆಯನಿಗೆ ಅದು ಮರಳಬೇಕು. ಹಣ ಹಿಡಿದು ಬಂದವನಿಗೆ ಅಡವನ್ನು ಬಿಟ್ಟುಕೊಡದವನು ಕಳ್ಳನೆನಿಸುತ್ತಾನೆ. ಸಾಲ ಕೊಟ್ಟವನು ಊರಲ್ಲಿ ಇಲ್ಲದಿದ್ದರೆ ಅವನ ಮನೆಯವರಲ್ಲಿ ಹಣವನ್ನು ಇಟ್ಟು ಅಡವನ್ನು ಬಿಡಿಸಿಕೊಳ್ಳಬಹುದು. ದೈವದಿಂದಾಗಲಿ ರಾಜನಿಂದಾಗಲಿ ಆದ ನಷ್ಟವನ್ನು ಬಿಟ್ಟು, ಮಿಕ್ಕ ರೀತಿಯಲ್ಲಿ ಅಡವು ಹಾಳಾದರೆ ಇಟ್ಟುಕೊಂಡವನು ಅದನ್ನು ಭರ್ತಿಮಾಡಬೇಕು. ಒಂದೇ ವಸ್ತುವನ್ನು ಇಬ್ಬರಿಗೆ ಅಡವು ಇಟ್ಟರೆ ಮೊದಲಿನದೇ ಬಲಿಷ್ಠ. ಮಿಕ್ಕ ವ್ಯವಹಾರಗಳಲ್ಲಿ ಆಮೇಲಿನದಕ್ಕೆ ಬಲವಿದ್ದರೂ ಆಧಿ, ದಾನ, ಕ್ರಯಗಳಲ್ಲಿ ಮೊದಲಿನದೇ ಗೆಲ್ಲುತ್ತದೆ. ಕೊನೆಯದಾಗಿ, ಸಾಲ ಇಮ್ಮಡಿಯಾದ ಮೇಲೆ ಅಡವಿನ ಫಲದಿಂದ ಆ ಇಮ್ಮಡಿಯೂ ಸಂದಾಯವಾದರೆ ಅಡವನ್ನು ಬಿಟ್ಟುಬಿಡಬೇಕು ಎಂಬ ಇನ್ನೊಂದು ಬಗೆಯೂ ಅಲ್ಲಿ ಉಂಟು. ಇದಕ್ಕೆ ಕ್ಷಯಾಧಿ ಎಂದು ಹೆಸರು. ಭೋಗ್ಯಾಧಿಯಲ್ಲಿ ಫಲ ಬಡ್ಡಿಗೆ ಮಾತ್ರ ಸಲ್ಲುತ್ತದೆ. ಕ್ಷಯಾಧಿಯಲ್ಲಿ ಅಸಲನ್ನೂ ಸವೆಸುತ್ತದೆ.

ಈ ವ್ಯತ್ಯಾಸ ನಮ್ಮವರಿಗೆ ಮಾತ್ರ ಹೊಳೆದದ್ದಲ್ಲ. ರೋಮನ್ ನ್ಯಾಯಶಾಸ್ತ್ರಜ್ಞ ಮಾರ್ಸಿಯನ್, ಬಡ್ಡಿಗೆ ಬದಲಾಗಿ ಸಾಲಗಾರನ ಮನೆಯಲ್ಲಿ ವಾಸಮಾಡುವ ಅಥವಾ ಅವನ ಭೂಮಿಯನ್ನು ಅನುಭವಿಸುವ ಒಪ್ಪಂದಕ್ಕೆ ಆಂಟಿಕ್ರೀಸಿಸ್ ಎಂಬ ಗ್ರೀಕ್ ಹೆಸರನ್ನು ಬಳಸಿದ್ದಾನೆ. ಜಸ್ಟಿನಿಯನ್ ಚಕ್ರವರ್ತಿ 533ರಲ್ಲಿ ಹೊರಡಿಸಿದ ಡೈಜೆಸ್ಟ್ ಎಂಬ ಸಂಗ್ರಹದಲ್ಲಿ ಆ ಮಾತು ಉಳಿದುಬಂದಿದೆ. ವಿಜ್ಞಾನೇಶ್ವರನಿಗೆ ನೂರು ವರ್ಷದೊಳಗೆ, ಇಂಗ್ಲೆಂಡಿನಲ್ಲಿ ಗ್ಲಾನ್‌ವಿಲ್‌ನ ಹೆಸರಿನಲ್ಲಿ ನಡೆದುಬಂದ ಗ್ರಂಥ ಎರಡು ಬಗೆಯ ಅಡವುಗಳನ್ನು ಹೇಳುತ್ತದೆ. ಫಲದಿಂದ ಅಸಲು ತೀರುತ್ತ ಹೋದರೆ ಅದು ಜೀವಂತ ಒತ್ತೆ. ಫಲ ಎಷ್ಟು ಬಂದರೂ ಅಸಲು ತೀರದಿದ್ದರೆ ಅದು ಸತ್ತ ಒತ್ತೆ. ಮಾರ್ಟ್‌ಗೇಜ್ ಎಂದು ಇಂದು ಬ್ಯಾಂಕುಗಳಲ್ಲಿ ಬಳಸುವ ಪದದ ಮೂಲಾರ್ಥ ಇದೇ: ಸತ್ತ ಒತ್ತೆ. ಕ್ರೈಸ್ತ ಧರ್ಮಪೀಠಕ್ಕೆ ಇದರಲ್ಲಿ ಬಡ್ಡಿಯ ವಾಸನೆ ಹೊಡೆಯಿತು. 1163ರಲ್ಲಿ ಫ್ರಾನ್ಸಿನ ಟೂರ್ ನಗರದಲ್ಲಿ ನಡೆದ ಸಭೆಯಲ್ಲಿ ಪೋಪ್ ಮೂರನೆಯ ಅಲೆಕ್ಸಾಂಡರ್, ಪಾದ್ರಿಗಳು ಇಂಥ ಒತ್ತೆಯ ಮೇಲೆ ಸಾಲ ಕೊಡುವುದನ್ನು ನಿಷೇಧಿಸಿದನು. ಫಲವನ್ನು ಅಸಲಿಗೆ ಹಿಡಿದು, ಅಸಲು ತೀರಿದೊಡನೆ ಭೂಮಿಯನ್ನು ಒಡೆಯನಿಗೆ ಬಿಟ್ಟುಕೊಡಬೇಕು ಎಂಬುದು ಆ ತೀರ್ಮಾನದ ತಾತ್ಪರ್ಯ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಭೋಗ್ಯಾಧಿ ಬೇಡ, ಕ್ಷಯಾಧಿ ಆಗಬಹುದು.

ಪಾದ್ರಿಗಳಿಗೆ ಕಂಡ ಆ ಅನ್ಯಾಯ ಯಾವುದೆಂಬುದನ್ನು ನಮ್ಮ ಅಜ್ಜನ ಪತ್ರದಿಂದ ವಿವರಿಸಬಹುದು. 1929ರ ಜಗತ್ತಿನ ಆರ್ಥಿಕ ಕುಸಿತದ ಪೆಟ್ಟು ನಮ್ಮ ಹಳ್ಳಿಗೂ ತಗುಲಿತ್ತು. ದವಸದ ಬೆಲೆ ಬಿದ್ದುಹೋಗಿತ್ತು; ಕಂದಾಯ ಮಾತ್ರ ಬಿದ್ದಿರಲಿಲ್ಲ. ಅಜ್ಜ 250 ರೂಪಾಯಿಗೆ ತಮ್ಮ ಎರಡು ಎಕರೆ ಹೊಲವನ್ನು ಊರಿನ ಸಾಹುಕಾರರೊಬ್ಬರಿಗೆ ಭೋಗ್ಯಕ್ಕೆ ಬರೆದುಕೊಟ್ಟರು. ಹೊಲದ ರಾಗಿ ಸಾಹುಕಾರರ ಕಣಜಕ್ಕೆ ಹೋಯಿತು. ಮೊದಲ ವರ್ಷ ಹೋಯಿತು. ಹತ್ತನೆಯ ವರ್ಷ ಹೋಯಿತು. ಇಪ್ಪತ್ತನೆಯ ವರ್ಷವೂ ಹೋಯಿತು. ಅಸಲು 250 ರೂಪಾಯಿ ಹಾಗೆಯೇ ಇತ್ತು. ಹೊಲವೇ ಇಲ್ಲದ ಮೇಲೆ ಹೊಲವನ್ನು ಬಿಡಿಸಿಕೊಳ್ಳುವ ಹಣ ಎಲ್ಲಿಂದ ಹುಟ್ಟಬೇಕು? ಸಾಹುಕಾರರು ಕೆಟ್ಟವರಾಗಿರಲಿಲ್ಲ. ಅವರು ಸಾಲದ ಮಾತನ್ನು ಒಂದು ದಿನವೂ ಎತ್ತಲಿಲ್ಲವಂತೆ. ಎತ್ತುವ ಅಗತ್ಯ ಅವರಿಗೆ ಇರಲಿಲ್ಲ. ಸಾಲ ತೀರದೆ ಉಳಿದಷ್ಟೂ ಅವರಿಗೆ ಲಾಭ. ಮೇಷ್ಟರ ಕೆಲಸ ಸಿಕ್ಕ ಮೇಲೆ ನಮ್ಮ ತಂದೆ ಸಂಬಳದಲ್ಲಿ ಉಳಿಸಿ 1956ರಲ್ಲಿ ಆ ಹೊಲವನ್ನು ಬಿಡಿಸಿದರು. ಇಪ್ಪತ್ತನಾಲ್ಕು ವರ್ಷದ ರಾಗಿ ಬಡ್ಡಿಗೆ ಸಂದಿತ್ತು.

ಆದರೂ ಹೊಲ ಮರಳಿತೆಂಬುದನ್ನು ಮರೆಯಬಾರದು. ಫಲಭೋಗ್ಯದ ಅಡವು ಕೈಬಿಟ್ಟು ಹೋಗದೆಂಬ ಹಳೆಯ ನಿಯಮ ಆ ಬಡವನ ಬೆನ್ನಿಗಿತ್ತು. ಬ್ರಿಟಿಷರು 1882ರಲ್ಲಿ ಸ್ವತ್ತು ವರ್ಗಾವಣೆಯ ಕಾಯಿದೆಯನ್ನು ತಂದಾಗ ಅದರ 58ನೆಯ ಕಲಮಿನಲ್ಲಿ ಭೋಗ್ಯದ ಅಡವಿಗೆ ಬೇರೆಯದೇ ಸ್ಥಾನ ದೊರೆಯಿತು. ಹಣ ತೀರಿಸಿ ಸ್ವತ್ತನ್ನು ಬಿಡಿಸಿಕೊಳ್ಳುವ ಹಕ್ಕನ್ನು 60 ಮತ್ತು 62ನೆಯ ಕಲಮುಗಳು ಕಾಪಾಡಿದವು. ಸ್ವತ್ತನ್ನು ಅನುಭವಿಸುವವನು ವಿವೇಕಿಯಾದ ಗೃಹಸ್ಥನಂತೆ ಅದನ್ನು ನೋಡಿಕೊಳ್ಳಬೇಕು, ಕಂದಾಯ ಕಟ್ಟಬೇಕು, ಅಗತ್ಯವಾದ ದುರಸ್ತಿ ಮಾಡಿಸಬೇಕು ಎಂದು 76ನೆಯ ಕಲಮು ವಿಧಿಸಿತು. ಬಿಡಿಸಿಕೊಳ್ಳಲು ದಾವೆ ಹೂಡುವ ಅವಧಿ 1908ರ ಕಾಲಪರಿಮಿತಿ ಕಾಯಿದೆಯಲ್ಲಿ 60 ವರ್ಷವಿದ್ದದ್ದು 1963ರ ಕಾಯಿದೆಯಲ್ಲಿ 30 ವರ್ಷಕ್ಕೆ ಇಳಿಯಿತು. ಹಾಗಾದರೆ ಅಡವು ಬರೆದ ದಿನದಿಂದ ಮೂವತ್ತು ವರ್ಷ ಕಳೆದರೆ ಭೋಗ್ಯದ ಭೂಮಿ ಕೈತಪ್ಪಿ ಹೋಯಿತೆ? ಈ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ 2014ರಲ್ಲಿ ಅದು ಹೇಳಿದ್ದು ಇಷ್ಟು: ಭೋಗ್ಯದ ಅಡವಿನಲ್ಲಿ ಕಾಲದ ಎಣಿಕೆ ಪತ್ರ ಬರೆದ ದಿನದಿಂದ ಮೊದಲಾಗುವುದಿಲ್ಲ, ಸಾಲದ ಹಣ ಸಂದಾಯವಾದ ಮೇಲೆಯೇ ಮೊದಲಾಗುತ್ತದೆ. ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರ ವ್ಯಾಖ್ಯಾನಿಸಿದ ನಿಯಮ ಒಂಬೈನೂರು ವರ್ಷಗಳ ಮೇಲೆ ದೆಹಲಿಯಲ್ಲಿ ಬೇರೆ ದಾರಿಯಿಂದ ಮತ್ತೆ ಬಂದು ನಿಂತಂತೆ ಆಯಿತು. ಈ ನಡುವೆ ನಮ್ಮ ರಾಜ್ಯದ 1976ರ ಋಣ ಪರಿಹಾರ ಕಾಯಿದೆ ಸಣ್ಣ ರೈತರ, ಭೂಹೀನ ಕೂಲಿಗಳ, ದುರ್ಬಲ ವರ್ಗದವರ ಸಾಲಗಳನ್ನೇ ತೊಡೆದು ಅಡವುಗಳನ್ನು ಬಿಡಿಸಿತು. ಇವುಗಳೆಲ್ಲದರ ಹಿಂದಿನ ಎಣಿಕೆ ಒಂದೇ. ಸಾಲ ಕೊಟ್ಟವನು ಬಲ್ಲಿದ, ಪಡೆದವನು ಬಡವ. ಆದ್ದರಿಂದ ಕಾನೂನು ಪಡೆದವನ ಪಕ್ಷದಲ್ಲಿ ನಿಲ್ಲಬೇಕು.

ಈಗ ಹಳ್ಳಿಯಿಂದ ಪಟ್ಟಣಕ್ಕೆ ಬರೋಣ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಡಿದ ಮೇಲೆ ಬಸವನಗುಡಿ, ಮಲ್ಲೇಶ್ವರಗಳಂಥ ಹೊಸ ಬಡಾವಣೆಗಳು ಬೆಳೆದವು. ಆಮೇಲೆ ಕಾರ್ಖಾನೆಗಳು ಬಂದವು. ವಿಮಾನ ಕಾರ್ಖಾನೆ 1940ರಲ್ಲಿ, ದೂರವಾಣಿ ಕಾರ್ಖಾನೆ 1948ರಲ್ಲಿ, ಕೈಗಡಿಯಾರಕ್ಕೆ ಹೆಸರಾದ ಎಚ್.ಎಂ.ಟಿ. 1953ರಲ್ಲಿ, ಭಾರತ್ ಎಲೆಕ್ಟ್ರಾನಿಕ್ಸ್ 1954ರಲ್ಲಿ. ಕೆಲಸಕ್ಕೆ ಬಂದವರಿಗೆ ಮನೆ ಬೇಕಾಗಿತ್ತು. ಮನೆ ಕಟ್ಟುವವರಾದರೂ ಯಾರು? ನಿವೃತ್ತಿಗೆ ಹತ್ತಿರವಾದ ಗುಮಾಸ್ತ, ಮೇಷ್ಟರು, ಸಣ್ಣ ವರ್ತಕ. ಇವರಿಗೆ ಸಾಲ ಕೊಡುವವರಿರಲಿಲ್ಲ. ಬ್ಯಾಂಕುಗಳು ಅಂದು ಮನೆ ಕಟ್ಟಲು ಸುಲಭವಾಗಿ ಹಣ ಕೊಡುತ್ತಿರಲಿಲ್ಲ. ಹುಡ್ಕೋ ಹುಟ್ಟಿದ್ದು 1970ರಲ್ಲಿ. ಮನೆಸಾಲಕ್ಕಾಗಿಯೇ ಮೊದಲಾದ ಎಚ್.ಡಿ.ಎಫ್.ಸಿ. ಹುಟ್ಟಿದ್ದು 1977ರಲ್ಲಿ. ಅದಕ್ಕೆ ಮುಂಚೆ ಭವಿಷ್ಯನಿಧಿ, ಸಹಕಾರ ಸಂಘ, ಹೆಂಡತಿಯ ಕೊರಳಿನ ಚಿನ್ನ ಇಷ್ಟೇ ಬಂಡವಾಳ. ಅರ್ಧಕ್ಕೆ ನಿಂತ ಮನೆಯ ಒಂದು ಭಾಗವನ್ನು ಭೋಗ್ಯಕ್ಕೆ ಕೊಟ್ಟು ಆ ಹಣದಿಂದ ಉಳಿದ ಭಾಗವನ್ನು ಪೂರೈಸುವುದು ಹೀಗೆ ರೂಢಿಗೆ ಬಂತು. 1961ರ ಬಾಡಿಗೆ ನಿಯಂತ್ರಣ ಕಾಯಿದೆಯೂ ಇದಕ್ಕೆ ಒಂದು ರೀತಿಯಲ್ಲಿ ಒತ್ತಾಸೆಯಾಯಿತು. ಬಾಡಿಗೆಯನ್ನು ಮನಬಂದಂತೆ ಏರಿಸುವಂತಿರಲಿಲ್ಲ. ಬಾಡಿಗೆದಾರನನ್ನು ಬಿಡಿಸುವುದೂ ಸುಲಭವಾಗಿರಲಿಲ್ಲ. ಭೋಗ್ಯದಾರನಾದರೋ ತನ್ನ ಹಣಕ್ಕಾಗಿ ತಾನೇ ದಿನ ಎಣಿಸುತ್ತಿರುತ್ತಾನೆ ಎಂಬುದು ಮನೆಯ ಒಡೆಯರ ನಂಬಿಕೆ. ಆ ಕಾಯಿದೆಯ ಸ್ಥಾನಕ್ಕೆ 2001ರ ಕೊನೆಯಲ್ಲಿ ಬೇರೊಂದು ಬಂದಿತು. ಆದರೆ ಅಷ್ಟರಲ್ಲಿ ರೂಢಿ ಬೇರೂರಿತ್ತು.

ನಮ್ಮ ತಂದೆಯವರ ಪತ್ರ ಈ ಕಾಲದ್ದು. ತಾಲ್ಲೂಕು ಪಟ್ಟಣವೊಂದರಲ್ಲಿ ಅವರು ಎರಡು ಭಾಗದ ಮನೆಯನ್ನು ಕಟ್ಟಲು ಮೊದಲುಮಾಡಿದ್ದರು. ಗೋಡೆ ಎದ್ದಿತು, ತಾರಸಿಗೆ ಹಣ ಸಾಲಲಿಲ್ಲ. ಪಕ್ಕದ ಭಾಗವನ್ನು ಅಂಚೆ ಇಲಾಖೆಯ ಗುಮಾಸ್ತರೊಬ್ಬರಿಗೆ 8,000 ರೂಪಾಯಿಗೆ ಮೂರು ವರ್ಷ ಭೋಗ್ಯಕ್ಕೆ ಬರೆದುಕೊಟ್ಟರು. ಆ ಭಾಗಕ್ಕೆ ಆಗ ತಿಂಗಳಿಗೆ 80 ರೂಪಾಯಿ ಬಾಡಿಗೆ ಬರುತ್ತಿತ್ತು. ವರ್ಷಕ್ಕೆ 960. ಎಂದರೆ ನಮ್ಮ ತಂದೆ ಬಡ್ಡಿಯಿಲ್ಲದೆ ಪಡೆದೆವೆಂದು ತಿಳಿದಿದ್ದ ಸಾಲಕ್ಕೆ ನೂರಕ್ಕೆ ಹನ್ನೆರಡರ ಬಡ್ಡಿ ಇದ್ದೇ ಇತ್ತು; ಬಾರದೆ ಹೋದ ಬಾಡಿಗೆಯ ರೂಪದಲ್ಲಿ ಅದು ಕಾಣದಂತೆ ಸಲ್ಲುತ್ತಿತ್ತು. ಎಂಟು ಸಾವಿರವೂ ತಾರಸಿಯಾಗಿ ನಮ್ಮ ತಲೆಯ ಮೇಲೆ ನಿಂತಿತು.

1975ರಲ್ಲಿ ಗುಮಾಸ್ತರಿಗೆ ವರ್ಗವಾಯಿತು. ಅವರು ಹಣ ಕೇಳಿದರು. ನಮ್ಮಲ್ಲಿ ಹಣವಿರಲಿಲ್ಲ. ನಾನು ಆಗ ಹೈಸ್ಕೂಲಿನಲ್ಲಿದ್ದೆ. ಆ ನಾಲ್ಕು ತಿಂಗಳು ನನಗೆ ಚೆನ್ನಾಗಿ ನೆನಪಿದೆ. ಗುಮಾಸ್ತರು ಒಬ್ಬರೇ ಹೊಸ ಊರಿಗೆ ಹೋದರು. ಅವರ ಹೆಂಡತಿ ಮಕ್ಕಳು ನಮ್ಮ ಪಕ್ಕದ ಭಾಗದಲ್ಲಿಯೇ ಉಳಿದರು. ಮಕ್ಕಳನ್ನು ಅಲ್ಲಿಯ ಶಾಲೆಗೆ ಸೇರಿಸುವ ಕಾಲ ಮೀರಿಹೋಯಿತು. ಆ ತಾಯಿ ಬಾವಿಕಟ್ಟೆಯಲ್ಲಿ ನಮ್ಮ ತಾಯಿಯೊಡನೆ ಮೊದಲಿನಂತೆಯೇ ಮಾತನಾಡುತ್ತಿದ್ದರು. ಹಣದ ಮಾತನ್ನು ಎತ್ತುತ್ತಿರಲಿಲ್ಲ. ನಮ್ಮ ತಂದೆ ಬೆಳಿಗ್ಗೆ ಹಿತ್ತಿಲ ಬಾಗಿಲಿನಿಂದ ಶಾಲೆಗೆ ಹೋಗುವುದನ್ನು ರೂಢಿ ಮಾಡಿಕೊಂಡರು. ಮನೆ ನಮ್ಮದೇ, ಮುಂಬಾಗಿಲೂ ನಮ್ಮದೇ. ಆದರೆ ಆ ಬಾಗಿಲಿನಿಂದ ಹೊರಡುವ ಧೈರ್ಯ ಅವರಿಗಿರಲಿಲ್ಲ. ಕಡೆಗೆ ಅಮ್ಮನ ಬಳೆಗಳ ಮೇಲೆ 3,000 ಬಂತು. ಹೊಸ ಭೋಗ್ಯದಾರರೊಬ್ಬರು 9,000 ಕೊಡಲು ಒಪ್ಪಿದರು. ಹಳಬರ ಉಳಿದ 5,000 ಸಂದಾಯವಾಯಿತು, ಬಳೆಗಳನ್ನು ಬಿಡಿಸಿದೆವು. ಸಾಲ ತೀರಿತೆಂದು ಮನೆಯಲ್ಲಿ ಪಾಯಸ ಮಾಡಿದರು. ನಿಜವಾಗಿ ಸಾಲ ಎಂಟರಿಂದ ಒಂಬತ್ತು ಸಾವಿರಕ್ಕೆ ಏರಿತ್ತು.

ತಂದೆಯವರಿಗೆ ಇದು ಹೊಳೆಯಲು ಬಹಳ ದಿನ ಹಿಡಿಯಲಿಲ್ಲ. ಅದೇ ವರ್ಷ ಅವರು ಅಂಚೆ ಕಚೇರಿಯಲ್ಲಿ ತಿಂಗಳಿಗೆ 100 ರೂಪಾಯಿ ಕಟ್ಟತೊಡಗಿದರು. ಸುಮಾರು 450 ರೂಪಾಯಿ ಸಂಬಳದವರಿಗೆ ಅದು ಸಣ್ಣ ಮೊತ್ತವಲ್ಲ. ಹಬ್ಬಕ್ಕೆ ಬಟ್ಟೆಯಿಲ್ಲದ ವರ್ಷಗಳು ಅವು. ಬಂದ ಭೋಗ್ಯದಾರರಿಗೆ ಅವಧಿಯನ್ನು ಬೆಳೆಸಿಕೊಟ್ಟು, 1982ರಲ್ಲಿ, ಬೇರೆಯವರ ಹಣವನ್ನು ಮುಟ್ಟದೆ ಭೋಗ್ಯವನ್ನು ತೀರಿಸಿದರು. ಮುಂದಿನ ತಿಂಗಳಿನಿಂದ ಆ ಭಾಗಕ್ಕೆ ಬಾಡಿಗೆ ಬರತೊಡಗಿತು. ಮನೆ ಕಟ್ಟಿ ಹತ್ತು ವರ್ಷಗಳ ಮೇಲೆ ಅದು ಮೊದಲ ಬಾರಿಗೆ ಫಲ ಕೊಟ್ಟಿತು. ತಂದೆಯವರು ಅರಿಯದೆಯೇ ತಮ್ಮ ಭೋಗ್ಯಾಧಿಯನ್ನು ಕ್ಷಯಾಧಿಯಾಗಿ ಮಾಡಿಕೊಂಡಿದ್ದರು.

ಎರಡು ಪತ್ರಗಳನ್ನೂ ಪಕ್ಕದಲ್ಲಿ ಇಟ್ಟು ನೋಡಿದಾಗ ನನಗೆ ಕಂಡದ್ದು ಇದು. 1932ರಲ್ಲಿ ಹಣ ಕೊಟ್ಟವರು ಊರಿನ ಸಾಹುಕಾರರು. ಪಡೆದವನು ಕಂದಾಯಕ್ಕೆ ಹಣವಿಲ್ಲದ ರೈತ. 1972ರಲ್ಲಿ ಹಣ ಕೊಟ್ಟವರು ಮನೆಯೇ ಇಲ್ಲದ ಗುಮಾಸ್ತರು. ಪಡೆದವರು ಮನೆಯ ಒಡೆಯರು. ನಲವತ್ತು ವರ್ಷಗಳಲ್ಲಿ ಪಾತ್ರಗಳು ಅದಲುಬದಲಾದವು. ಇಂದು ಭೋಗ್ಯಕ್ಕೆ ಹಣ ಕೊಡುವವರು ಯಾರೆಂದು ನೋಡಿ. ಊರಿನ ಹೊಲ ಮಾರಿ ಬಂದವರು, ನಿವೃತ್ತಿಯ ಹಣವನ್ನು ಕೂಡಿಸಿದವರು, ಸ್ವಂತ ಮನೆ ಕೊಳ್ಳಲಾರದ ಹೊಸ ದಂಪತಿಗಳು. ಭೋಗ್ಯದಲ್ಲಿ ಸಾಲ ಕೊಟ್ಟವನು ದುರ್ಬಲ, ಪಡೆದವನು ಪ್ರಬಲ. ಶಾಸ್ತ್ರ ಮತ್ತು ಕಾಯಿದೆಗಳು ಶತಮಾನಗಳಿಂದ ಸಾಲ ಪಡೆದವನಿಗೆ ಕಟ್ಟಿಕೊಟ್ಟ ಕೋಟೆಯೊಳಗೆ ಈಗ ಮನೆಯ ಒಡೆಯ ಕುಳಿತಿದ್ದಾನೆ. ಹೊರಗೆ ನಿಂತವನ ಕೈಯಲ್ಲಿ ಉಳಿದಿರುವುದು ಬೀಗದ ಕೈ ಒಂದೇ. ಹಣ ಬರುವವರೆಗೆ ಮನೆಯನ್ನು ಬಿಡುವುದಿಲ್ಲ ಎಂಬುದೇ ಅವನ ಭದ್ರತೆ.

ಆ ಭದ್ರತೆಯೂ ಈಚೆಗೆ ಸಡಿಲವಾಗಿದೆ. ನಮ್ಮ ತಂದೆಯವರ ಮನೆಯ ಮೇಲೆ ಇದ್ದದ್ದು ಒಂದೇ ಸಾಲ. ಇಂದು ನಗರಗಳಲ್ಲಿ ಬಾಡಿಗೆಗೆಂದೇ ನಾಲ್ಕು ಅಂತಸ್ತು ಕಟ್ಟುವವನು ಮೊದಲು ಬ್ಯಾಂಕಿನಲ್ಲಿ ಸಾಲ ಮಾಡುತ್ತಾನೆ. ಹಣ ಸಾಲದೆ ಬಂದಾಗ ಮನೆಗಳನ್ನು ಭೋಗ್ಯಕ್ಕೆ ಕೊಡುತ್ತಾನೆ. ಒಂದು ಉದಾಹರಣೆಯ ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ ಹತ್ತು ಸಾವಿರ ಬಾಡಿಗೆ ಬರಬಹುದಾದ ನಾಲ್ಕು ಮನೆಗಳನ್ನು ತಲಾ ಹತ್ತು ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟರೆ ಒಮ್ಮೆಗೆ 40 ಲಕ್ಷ ಕೈಗೆ ಬರುತ್ತದೆ. ಅದೇ ಕ್ಷಣದಲ್ಲಿ ತಿಂಗಳ 40,000 ರೂಪಾಯಿ ಆದಾಯ ನಿಂತುಹೋಗುತ್ತದೆ. ಬ್ಯಾಂಕಿನ ಕಂತು ಮಾತ್ರ ತಿಂಗಳು ತಿಂಗಳು ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಬ್ಯಾಂಕಿನ ಸಾಲವನ್ನು ತೀರಿಸಬೇಕಾದದ್ದು ಮನೆಯ ಫಲ. ಆ ಫಲವನ್ನು ಭೋಗ್ಯಕ್ಕೆ ಮಾರಿಯಾಗಿದೆ. ಭೋಗ್ಯದ ಹಣ ಬ್ಯಾಂಕಿನ ಸಾಲವನ್ನು ಇಳಿಸಲು ಹೋದರೆ ಸ್ವಲ್ಪ ನೆಮ್ಮದಿ. ಅದು ಇನ್ನೊಂದು ನಿವೇಶನಕ್ಕೋ ಮಗಳ ಮದುವೆಗೋ ಹೋದರೆ, ಒಂದೇ ಮನೆಯ ಮೇಲೆ ಎರಡು ಋಣಗಳು ನಿಂತು ಎರಡನ್ನೂ ತೀರಿಸುವ ಫಲವಿಲ್ಲದಂತಾಗುತ್ತದೆ. ಆಗ ಒಬ್ಬ ಭೋಗ್ಯದಾರನಿಗೆ ಕೊಡಲು ಇನ್ನೊಬ್ಬ ಬರಬೇಕು. ಅವನಿಗೆ ಕೊಡಲು ಮತ್ತೊಬ್ಬ. ಬರುವವನು ಒಂದು ದಿನ ಬಾರದೆ ಹೋದರೆ ಸರಪಳಿ ಕಡಿಯುತ್ತದೆ.

ಕಂತು ನಿಂತರೆ 2002ರ ಸರ್ಫೇಸಿ ಕಾಯಿದೆಯಂತೆ ಬ್ಯಾಂಕು ಅರವತ್ತು ದಿನದ ನೋಟೀಸು ಕೊಟ್ಟು, ಸಿವಿಲ್ ದಾವೆಯಿಲ್ಲದೆಯೇ ಮನೆಯನ್ನು ವಶಪಡಿಸಿಕೊಂಡು ಹರಾಜು ಹಾಕಬಹುದು. ಬ್ಯಾಂಕಿನ ಅಡವು ಮೊದಲಿನದು, ಭೋಗ್ಯ ಆಮೇಲಿನದು. ಆಧಿಯಲ್ಲಿ ಮೊದಲಿನದೇ ಬಲಿಷ್ಠವೆಂಬ ಯಾಜ್ಞವಲ್ಕ್ಯನ ನಿಯಮ 1882ರ ಕಾಯಿದೆಯ 48ನೆಯ ಕಲಮಿನಲ್ಲಿಯೂ ಇದೆ. ಇದರ ಮೇಲೆ, ಇಂದಿನ ಭೋಗ್ಯದ ಪತ್ರಗಳಲ್ಲಿ ಬಹಳಷ್ಟು ನಿಜವಾದ ಭೋಗ್ಯದ ಪತ್ರಗಳೇ ಅಲ್ಲ. ನೂರು ರೂಪಾಯಿಗೆ ಮೇಲ್ಪಟ್ಟ ಇಂಥ ಅಡವು ನೋಂದಣಿಯಾಗಬೇಕೆಂದು ಕಾಯಿದೆ ಹೇಳುತ್ತದೆ. ಶುಲ್ಕವನ್ನು ಉಳಿಸಲು ಹನ್ನೊಂದು ತಿಂಗಳ ಕರಾರು ಎಂದು ಛಾಪಾಕಾಗದದಲ್ಲಿ ಬರೆದು ಇಬ್ಬರೂ ರುಜು ಹಾಕುತ್ತಾರೆ. ಹೆಸರು ಭೋಗ್ಯದ್ದು, ಬಲ ಬಾಡಿಗೆಯ ಚೀಟಿಯದು. ಜೀವಮಾನದ ಉಳಿತಾಯ ಅಂಥದೊಂದು ಕಾಗದದ ಮೇಲೆ ನಿಂತಿರುತ್ತದೆ.

ಈ ಸರಪಳಿ ಕಡಿದರೆ ಏನಾಗುತ್ತದೆಂಬುದನ್ನು ದಕ್ಷಿಣ ಕೊರಿಯ ಈಚೆಗೆ ಕಂಡಿತು. ನಮ್ಮ ಭೋಗ್ಯವನ್ನೇ ಹೋಲುವ ಜೊನ್ಸೆ ಎಂಬ ಪದ್ಧತಿ ಅಲ್ಲಿ ಬಹುಕಾಲದಿಂದ ಇದೆ. ಮನೆಯ ಬೆಲೆಯ ಅರ್ಧಕ್ಕಿಂತ ಹೆಚ್ಚನ್ನು ಒಮ್ಮೆಗೇ ಕೊಟ್ಟು ಸಾಮಾನ್ಯವಾಗಿ ಎರಡು ವರ್ಷ ಬಾಡಿಗೆಯಿಲ್ಲದೆ ಇರುವುದು ಅದರ ಕ್ರಮ. ಮನೆಯ ಒಡೆಯರು ಒಬ್ಬರ ಹಣದಿಂದ ಇನ್ನೊಂದು ಮನೆಯನ್ನು, ಅದರ ಹಣದಿಂದ ಮತ್ತೊಂದನ್ನು ಕೊಂಡರು. 2022ರಲ್ಲಿ ಬಡ್ಡಿ ಏರಿ ಮನೆಗಳ ಬೆಲೆ ಇಳಿದಾಗ ಹೊಸಬರು ಕಡಿಮೆ ಹಣಕ್ಕೆ ಬಂದರು, ಇಲ್ಲವೆ ಬರಲೇ ಇಲ್ಲ. ಹಳಬರಿಗೆ ಕೊಡಲು ಹಣವಿರಲಿಲ್ಲ. 2023ರಲ್ಲಿ ಇಂಚಿಯಾನ್ ನಗರದಲ್ಲಿ ಹಣ ಕಳೆದುಕೊಂಡ ಕೆಲವರು ತಮ್ಮ ಪ್ರಾಣವನ್ನೇ ಕಳೆದುಕೊಂಡರು. ಅಲ್ಲಿಯ ಸರ್ಕಾರ ಅದೇ ವರ್ಷ ಇಂಥವರ ನೆರವಿಗಾಗಿ ವಿಶೇಷ ಕಾಯಿದೆಯನ್ನು ಮಾಡಿತು.

ಇಷ್ಟನ್ನು ಹೇಳಿದ್ದು ಭೋಗ್ಯ ಕೆಟ್ಟದ್ದೆಂದು ಸಾಧಿಸಲು ಅಲ್ಲ. ಬ್ಯಾಂಕು ಇಲ್ಲದವರಿಗೆ ಅದು ಬ್ಯಾಂಕಾಗಿತ್ತು. ನಮ್ಮ ತಲೆಯ ಮೇಲಿನ ತಾರಸಿಯೇ ಅದಕ್ಕೆ ಸಾಕ್ಷಿ. ಆದರೆ ಅದು ಸಾಲ ಎಂಬುದನ್ನು ಮರೆತಾಗ ಮನೆ ಒಡೆಯನನ್ನೂ ವಾಸಿಯನ್ನೂ ಒಟ್ಟಿಗೆ ಮುಳುಗಿಸುತ್ತದೆ. ಭೋಗ್ಯದ ಹಣ ಪಡೆದ ದಿನವೇ ಅದನ್ನು ತೀರಿಸುವ ದಿನಕ್ಕೆ ಹಣ ಕೂಡಿಡತೊಡಗಬೇಕು. ಬರಲಿರುವವನ ಹಣವನ್ನು ನಂಬಿ ಹೋಗುವವನಿಗೆ ಮಾತು ಕೊಡಬಾರದು. ಕಂತಿನ ಸಾಲವಿರುವ ಮನೆಯ ಫಲವನ್ನು ಭೋಗ್ಯಕ್ಕೆ ಒತ್ತೆಯಿಡಬಾರದು. ಹಣ ಕೊಡುವವರು ಋಣಭಾರ ಪತ್ರವನ್ನು ತೆಗೆಸಿ ನೋಡಬೇಕು. ಮನೆಯ ಮೂಲಪತ್ರಗಳು ಎಲ್ಲಿವೆಯೆಂದು ಸಂಕೋಚವಿಲ್ಲದೆ ಕೇಳಬೇಕು. ಒಪ್ಪಂದವನ್ನು ನೋಂದಣಿ ಮಾಡಿಸಬೇಕು. ಋಣವೂ ಒಂದು ಭಾರವೆಂದು ನಮ್ಮ ನೋಂದಣಿ ಕಚೇರಿಯ ಭಾಷೆಗೆ ಗೊತ್ತಿದೆ. ಹಲಗೆಯ ಮೇಲಿನ ಭೋಗ್ಯವೆಂಬ ಸೊಗಸಾದ ಪದ ಆ ಭಾರವನ್ನು ಮರೆಸುತ್ತದೆ.

ಕೊನೆಯ ಮಾತು. ಸಾಲವನ್ನು ಸ್ವಲ್ಪ ಸ್ವಲ್ಪವಾಗಿ ತೀರಿಸಿದರೆ ತೀರಿಸಿದಷ್ಟನ್ನೂ ಪತ್ರದ ಬೆನ್ನಿಗೆ ಬರೆಯಿಸಬೇಕು, ಪೂರ್ತಿಯಾಗಿ ತೀರಿದ ಮೇಲೆ ಪತ್ರವನ್ನು ಹರಿದುಹಾಕಬೇಕು ಎಂದು ಯಾಜ್ಞವಲ್ಕ್ಯಸ್ಮೃತಿ ಹೇಳುತ್ತದೆ. 1972ರ ಪತ್ರದ ಬೆನ್ನಿನ ಮೇಲೆ ಆ ಗುಮಾಸ್ತರ ಅಕ್ಷರದಲ್ಲಿ ಎರಡು ಬರಹಗಳಿವೆ. ಮೊದಲನೆಯದು 3,000 ಸಂದಿತೆಂದು. ಎರಡನೆಯದು 5,000 ಸಂದು ಲೆಕ್ಕ ಚುಕ್ತವಾಯಿತೆಂದು. ಎರಡರ ನಡುವೆ ನಲವತ್ತೊಂದು ದಿನಗಳ ಅಂತರವಿದೆ. ಶಾಸ್ತ್ರದಂತೆ ತಂದೆಯವರು ಆ ಪತ್ರವನ್ನು ಹರಿಯಬೇಕಾಗಿತ್ತು. ಅವರು ಹರಿಯಲಿಲ್ಲ. ತಮ್ಮ ಕೊನೆಯವರೆಗೂ, ಮನೆಯ ಕ್ರಯಪತ್ರದ ಜೊತೆಯಲ್ಲಿಯೇ, ಅದನ್ನೂ ಮಡಿಸಿ ಇಟ್ಟುಕೊಂಡಿದ್ದರು.